ಮೂವರಿಗೊಂದು ಲಾಗಿನ್ ಮತ್ತು ನಾನು ಬರೆದ ತಕರಾರು

ಸೋಮವಾರ ಬೆಳಿಗ್ಗೆ ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಬಂದು ಲ್ಯಾಪ್‌ಟಾಪ್ ತೆರೆದರೆ, ನಾವು ಆಟಗಳನ್ನು ತಯಾರಿಸಲು ಬಳಸುತ್ತಿದ್ದ ಸಾಫ್ಟ್‌ವೇರ್ ಕಂಪನಿಯ ಮೇಲ್ ಬಂದಿತ್ತು. ವಾರ್ಷಿಕ ಚಂದಾ ಏರಿಸಿದ್ದೇವೆ, ಮುಂದಿನ ತಿಂಗಳಿನಿಂದ ಜಾರಿ, ನಿಮ್ಮ ಬೆಂಬಲಕ್ಕೆ ಧನ್ಯವಾದ. ಬೆಂಬಲ ಕೊಡುತ್ತೇನೆಂದು ನಾನು ಯಾವತ್ತೂ ಹೇಳಿದವಳಲ್ಲ. ಚಹಾ ಆರುತ್ತಿತ್ತು, ನನಗೆ ಮಾತ್ರ ಮೈ ಕಾವೇರತೊಡಗಿತು.

ಈ ಸಾಫ್ಟ್‌ವೇರ್ ಬ್ರೌಸರ್‌ನಲ್ಲೇ ನಡೆಯುತ್ತದೆ. ಕಂಪ್ಯೂಟರಿಗೆ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಚಿತ್ರಗಳನ್ನು ತಂದು ಇಟ್ಟು, ‘ಇದು ಅದನ್ನು ಮುಟ್ಟಿದರೆ ಅದು ಮೇಲೇಳಲಿ’ ಎಂಬಂಥ ನಿಯಮಗಳನ್ನು ಒಂದರ ಕೆಳಗೊಂದು ಬರೆದರೆ ಆಟ ತಯಾರು. ಕೆಲವು ವರ್ಷಗಳ ಹಿಂದೆ ಇದನ್ನೇ ನಾನು ಒಂದೇ ಸಲ ದುಡ್ಡು ಕೊಟ್ಟು ಕೊಂಡಿದ್ದೆ. ಆಗ ಅದು ನನ್ನ ಕಂಪ್ಯೂಟರಿನಲ್ಲಿತ್ತು. ಆಮೇಲೆ ಕಂಪನಿಯವರು ಎಲ್ಲವನ್ನೂ ಬ್ರೌಸರಿಗೆ ಸಾಗಿಸಿದರು, ಹಳೆಯದರ ದುರಸ್ತಿ ನಿಲ್ಲಿಸಿದರು, ವರ್ಷವರ್ಷವೂ ಚಂದಾ ಕಟ್ಟಿ ಎಂದರು. ಕಟ್ಟದಿದ್ದರೆ ನಾವೇ ಮಾಡಿದ ಆಟವನ್ನು ನಾವು ತೆರೆದು ನೋಡಬಹುದು, ತಿದ್ದುವಂತಿಲ್ಲ.

ತಕರಾರು ಬರೆಯುವುದು ನನಗೆ ಹುಬ್ಬಳ್ಳಿಯಲ್ಲಿದ್ದಾಗಿನಿಂದಲೂ ಅಂಟಿದ ಚಾಳಿ. ಕರೆಂಟ್ ಬಿಲ್ಲು, ಗ್ಯಾಸ್ ಏಜೆನ್ಸಿ, ಮಗಳ ಶಾಲೆಯ ಸಮವಸ್ತ್ರ, ಯಾವುದನ್ನೂ ಬಿಟ್ಟವಳಲ್ಲ. ಕಂಪನಿಯ ಚರ್ಚಾ ವೇದಿಕೆಯಲ್ಲಿ ಆಗಲೇ ಊರೂರಿನವರು ಜಗಳಕ್ಕೆ ನಿಂತಿದ್ದರು. ನಾನೂ ತೋಳೇರಿಸಿದೆ. ಬಡಗಿಗೆ ಸುತ್ತಿಗೆಯನ್ನು ಬಾಡಿಗೆಗೆ ಕೊಟ್ಟು, ಅವನು ಮಾಡಿದ ಕುರ್ಚಿಗೂ ನೀವೇ ಬೀಗ ಹಾಕುತ್ತೀರಾ ಎಂದು ಕೇಳಿದೆ. ನಿಮ್ಮ ದೇಶದ ಹಣದಲ್ಲಿ ಬೆಲೆ ಇಟ್ಟರೆ ನಮ್ಮಂಥ ದೇಶಗಳ ಸಣ್ಣವರು ಎಲ್ಲಿಗೆ ಹೋಗಬೇಕು ಎಂದೆ. ಜನ ಕೆಲಸದ ನಡುವೆ ಇರುವಾಗ ನಿಯಮ ಬದಲಿಸಲು ನಿಮಗೆ ಯಾವ ಹಕ್ಕೂ ಇಲ್ಲ ಎಂದೆ. ಕೊನೆಗೆ ಕಣ್ಣೀರೂ ಬರಲಿ ಅಂತ ಒಂದು ಸಾಲು ಸೇರಿಸಿದೆ: ‘ಕ್ವಾಲಾಲಂಪುರದಲ್ಲಿ ಕೂತು ನಾವು ಮೂವರು ಈ ಸಾಧನದಿಂದ ಆಸ್ಪತ್ರೆಯ ರೋಗಿಗಳಿಗಾಗಿ ಆಟ ಮಾಡುತ್ತಿದ್ದೇವೆ.’

ಸಂಜೆಯೊಳಗೆ ನನ್ನ ಬರಹಕ್ಕೆ ರಾಶಿ ಮೆಚ್ಚುಗೆ ಬಂತು. ಪರಿಚಯವೇ ಇಲ್ಲದ ಯಾರೋ ಭೇಷ್ ಎಂದರು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಅದನ್ನೆಲ್ಲ ಓದಿ ಹೇಳಿದೆ. ಹೆಮ್ಮೆ ಆಗಿತ್ತು, ಸುಳ್ಳೇಕೆ ಹೇಳಲಿ.

ನಾವು ಮೂವರು ಅಂದರೆ, ನಿಯಮಗಳನ್ನು ಬರೆಯುವ ನಾನು, ಚಿತ್ರ ಬರೆಯುವ ಮೈಸೂರಿನ ಗೆಳತಿ, ಸದ್ದು ಕೂಡಿಸುವ ತಮಿಳು ಗೆಳೆಯ. ಗೆಳತಿ ಇದೇ ಊರಿನ ಮಾಂಟ್ ಕಿಯಾರಾ ಬಡಾವಣೆಯ ಒಂದು ಕಟ್ಟಡದ ಹದಿನೆಂಟನೇ ಮಹಡಿಯಲ್ಲಿ, ಗೆಳೆಯ ಬ್ರಿಕ್‌ಫೀಲ್ಡ್ಸ್‌ನಲ್ಲಿ ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಮೂವರಿಗೂ ಸೇರಿ ನಮ್ಮ ಬಳಿ ಇದ್ದದ್ದು ಒಂದೇ ಲಾಗಿನ್. ಅದಕ್ಕೆಂದೇ ಒಂದು ವಾಟ್ಸ್ಯಾಪ್ ಗುಂಪಿತ್ತು. ಲಾಗಿನ್ ಆದವರು ಅದರಲ್ಲಿ ‘ಒಳಗೆ’ ಎಂದು ಹಾಕಬೇಕು, ಮುಗಿಸಿದವರು ‘ಹೊರಗೆ’ ಎಂದು ಹಾಕಬೇಕು. ಒಬ್ಬರು ಹೊರಗೆ ಬರುವವರೆಗೆ ಇನ್ನೊಬ್ಬರು ಕಾಯಬೇಕು. ಚಿಕ್ಕಂದಿನಲ್ಲಿ ನಮ್ಮ ಓಣಿಯ ಆರು ಮನೆಯವರು ಒಂದೇ ದಿನಪತ್ರಿಕೆ ಓದುತ್ತಿದ್ದರು, ಅದನ್ನು ಯಾರೂ ಕಳ್ಳತನ ಅನ್ನುತ್ತಿರಲಿಲ್ಲ. ಇದೂ ಹಾಗೆಯೇ ಎಂದುಕೊಂಡಿದ್ದೆವು. ನಿಜ ಹೇಳಬೇಕೆಂದರೆ, ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಗುರುವಾರ ಮಧ್ಯಾಹ್ನ ಕಂಪನಿಯ ಪ್ರತಿನಿಧಿಯ ಉತ್ತರ ಬಂತು. ಬಹಳ ವಿನಯದ ಉತ್ತರ. ನಿಮ್ಮ ಕಾಳಜಿಗೆ ಧನ್ಯವಾದ. ನೀವು ಮೂವರು ಎಂದು ಬರೆದಿದ್ದೀರಿ, ನಿಮ್ಮ ಖಾತೆಯಲ್ಲಿರುವುದು ಒಬ್ಬರ ಪರವಾನಗಿ. ಮೂರು ಜಾಗಗಳಿಂದ ಬಳಕೆಯಾಗಿರುವುದು ನಮಗೂ ಕಾಣುತ್ತಿದೆ. ಪರಿಶೀಲನೆ ಮುಗಿಯುವವರೆಗೆ ಖಾತೆಯನ್ನು ತಡೆಹಿಡಿಯಲಾಗಿದೆ.

ಗೆಳತಿಗೆ ಫೋನ್ ಮಾಡಿದೆ.

“ಅಲ್ಲ ಕಣೇ, ಯಾರೂ ಕೇಳದೇನೇ ನೀನೇ ಹೋಗಿ ಹೇಳ್ಬಿಟ್ಯಾ?” ಎಂದಳು.

“ಪೇಷಂಟ್ಸ್ ಬಗ್ಗೆ ಹೇಳಿದ್ರ ಅವರ ಮನಸ್ಸು ಕರಗ್ತದ ಅನ್ಕೊಂಡಿದ್ದೆ.”

“ಕರಗಿಲ್ಲ ಲಾ,” ಎಂದು ಇಲ್ಲಿನವರಂತೆ ರಾಗ ಎಳೆದಳು. “ಲೆಕ್ಕ ಹಾಕಿದಾರೆ.”

ಆಗಲೂ ನನಗೆ ಬಂದದ್ದು ಸಿಟ್ಟು ಮಾತ್ರ. ಭಯ ಬಂದದ್ದು ಮರುದಿನ.

ಶುಕ್ರವಾರ ಬೆಳಿಗ್ಗೆ ಡಾಕ್ಟರ್ ಮೇಡಂ ಫೋನ್ ಮಾಡಿದರು. ಅವರು ಉಡುಪಿಯವರು, ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಪಾರ್ಶ್ವವಾಯು ಬಡಿದವರ ಕೈಗೆ ಚಿಕಿತ್ಸೆ ಕೊಡುತ್ತಾರೆ. ನಮ್ಮ ಆಟ ಅವರಿಗಾಗಿ ಮಾಡಿದ್ದು. ಲ್ಯಾಪ್‌ಟಾಪಿನ ಕ್ಯಾಮೆರಾ ರೋಗಿಯ ಕೈಯನ್ನು ನೋಡಿ ಇಪ್ಪತ್ತೊಂದು ಬಿಂದುಗಳಾಗಿ ಗುರುತಿಸುತ್ತದೆ. ಹೆಬ್ಬೆರಳಿನ ತುದಿಗೂ ತೋರುಬೆರಳಿನ ತುದಿಗೂ ನಡುವಿನ ಅಂತರ ಎಷ್ಟು ಎಂದು ಅಳೆಯುತ್ತದೆ. ಬೆರಳು ಅಗಲಿಸಿದರೆ ತೆರೆಯ ಮೇಲಿನ ಕ್ರೇನ್ ಕಂಟೇನರನ್ನು ಬಿಡುತ್ತದೆ, ಕೂಡಿಸಿದರೆ ಹಿಡಿಯುತ್ತದೆ. ದಿನದ ಕೊನೆಗೆ, ಇವತ್ತು ಬೆರಳು ಎಷ್ಟು ಸೆಂಟಿಮೀಟರ್ ತೆರೆಯಿತು ಎಂಬ ಸಂಖ್ಯೆ ತೋರಿಸುತ್ತದೆ.

“ಆಟ ಓಪನ್ ಆಗುದಿಲ್ಲ ಮಾರಾಯ್ರೆ. ಬೂದು ಬಣ್ಣದ ಒಂದು ಪೇಜ್ ಬರ್ತದೆ ಅಷ್ಟೆ. ಎಂತ ಆಯ್ತು?”

ಆಟವನ್ನು ಪೂರ್ತಿ ಹೊರತೆಗೆದು ಆಸ್ಪತ್ರೆಯ ಸರ್ವರಿನಲ್ಲಿ ಇಡಬೇಕಿತ್ತು. ಅದಕ್ಕೆ ಅರ್ಜಿ, ಸಹಿ, ಒಪ್ಪಿಗೆ ಎಂದು ಓಡಾಡಬೇಕಾಗುತ್ತದೆ ಎಂದು ನಾನು ಆ ಸಾಫ್ಟ್‌ವೇರ್ ಕೊಡುವ ಲಿಂಕನ್ನೇ ಎಲ್ಲರಿಗೂ ಹಂಚಿದ್ದೆ. ಖಾತೆಗೆ ಬೀಗ ಬಿದ್ದಾಗ ಲಿಂಕಿಗೂ ಬಿತ್ತು. ಇದನ್ನೆಲ್ಲ ತೊದಲುತ್ತಾ ಹೇಳಿದೆ. ಮೂವರು ಒಂದು ಲಾಗಿನ್ ಬಳಸುತ್ತಿದ್ದ ಸಂಗತಿಯನ್ನು ಮಾತ್ರ ನುಂಗಿದೆ. ಕಂಪನಿಯವರು ಚಂದಾ ಗಲಾಟೆಯಲ್ಲಿ ನಿಲ್ಲಿಸಿದ್ದಾರೆ ಎಂದೆ.

“ಕ್ಲಿನಿಕ್‌ಗೆ ಬರುವವರಿಗೆ ತೊಂದ್ರೆ ಇಲ್ಲ. ಹಿಸುಕುವ ಚೆಂಡು, ನಾದುವ ಮಣ್ಣು ಎಲ್ಲ ಉಂಟು, ಮಾಡಿಸ್ತೇವೆ. ನಂಗೆ ಚಿಂತೆ ಲಾರಿ ಅಂಕಲ್‌ದು. ಅವರು ಬರುದು ತಿಂಗಳಿಗೊಮ್ಮೆ. ಉಳಿದದ್ದೆಲ್ಲ ಮನೆಯಲ್ಲಿ ನಿಮ್ಮ ಆಟವೇ.”

ಲಾರಿ ಅಂಕಲ್ ಅಂದರೆ ಕ್ಲಾಂಗ್ ಬಂದರಿನಲ್ಲಿ ಬಹಳ ವರ್ಷ ಕಂಟೇನರ್ ಲಾರಿ ಓಡಿಸಿದ ತಮಿಳು ಹಿರಿಯರು. ಬಲಗೈ ಬಿದ್ದುಹೋಗಿತ್ತು. ಆಸ್ಪತ್ರೆ ಅವರ ಮನೆಗೆ ಒಂದು ಲ್ಯಾಪ್‌ಟಾಪ್ ಕೊಟ್ಟಿತ್ತು. ಮೊದಲ ಸಲ ನಮ್ಮ ಆಟ ನೋಡಿದಾಗ ಅವರು ನಕ್ಕುಬಿಟ್ಟಿದ್ದರು. ಕ್ರೇನ್ ಕಂಟೇನರನ್ನು ಇಕ್ಕಳದಂತೆ ಹಿಡಿಯುವುದಿಲ್ಲವಂತೆ, ಮೇಲಿನಿಂದ ಚೌಕಟ್ಟು ಇಳಿದು ನಾಲ್ಕು ಮೂಲೆಯ ಬೀಗಗಳು ತಿರುಗಬೇಕಂತೆ. ಎಡಗೈಯಿಂದ ಚಿತ್ರ ಬರೆದು ತೋರಿಸಿದ್ದರು. ಗೆಳತಿ ಕ್ರೇನನ್ನು ಪೂರ್ತಿ ಹೊಸದಾಗಿ ಬರೆದಿದ್ದಳು.

“ಅವರದ್ದು ನಾಲ್ಕು ಚಿಲ್ಲರೆ ಸೆಂಟಿಮೀಟರಿಗೆ ಬಂದಿತ್ತು,” ಎಂದರು ಡಾಕ್ಟರ್ ಮೇಡಂ. “ಇನ್ನು ಹದಿನೇಳು ದಿನಕ್ಕೆ, ಸೋಮವಾರ, ಅಸೆಸ್‌ಮೆಂಟ್ ಉಂಟು. ಐದಕ್ಕೆ ಬಂದ್ರೆ ಮುಂದಿನ ಹಂತದ ಥೆರಪಿ. ಬರ್ಲಿಲ್ಲಾಂದ್ರೆ ಅವರ ಜಾಗ ಬೇರೆ ಪೇಷಂಟಿಗೆ ಹೋಗ್ತದೆ. ನನ್ನ ಕೈಯಲ್ಲಿಲ್ಲ ಅದು, ಕಮಿಟಿ ಮಾಡುದು. ಈ ಸಮಯದಲ್ಲಿ ದಿನಾ ಮಾಡ್ಬೇಕು, ಬಿಟ್ರೆ ಬೆರಳು ಪುನಃ ಬಿಗಿದುಕೊಳ್ತದೆ. ಎಷ್ಟು ದಿನ ಬೇಕು ನಿಮಗೆ?”

“ಐದು ದಿನ ಕೊಡ್ರಿ ಮೇಡಂ. ಏನಾರ ಮಾಡಿ ತೆಗೆಸ್ತೀನಿ.”

ಫೋನಿಟ್ಟ ಮೇಲೆ ಕಂಪನಿಗೆ ಬರೆದೆ. ಈ ಸಲ ಸುತ್ತಿಗೆ, ಬಡಗಿ ಯಾರೂ ಇರಲಿಲ್ಲ. ತಪ್ಪಾಯಿತು, ಮೂವರಿಗೂ ಪರವಾನಗಿ ಕೊಳ್ಳುತ್ತೇವೆ, ದಯವಿಟ್ಟು ಇವತ್ತೇ ತೆರೆಯಿರಿ ಎಂದೆ. ಪರಿಶೀಲನೆ ನಡೆಯುವಾಗ ಆ ಖಾತೆಯಲ್ಲಿ ಖರೀದಿ ಸಾಧ್ಯವಿಲ್ಲ ಎಂಬ ಉತ್ತರ ತಾನಾಗಿ ಬಂತು. ಮತ್ತೆ ಬರೆದೆ. ವಾರಾಂತ್ಯದಲ್ಲಿ ಕಚೇರಿ ಇಲ್ಲ ಎಂದು ಬಂತು. ಶನಿವಾರ ಒಂದು, ಭಾನುವಾರ ಎರಡು ಮೇಲ್ ಕಳಿಸಿದೆ. ವೇದಿಕೆಯಲ್ಲಿ ನನ್ನ ಹಳೆಯ ಬರಹಕ್ಕೆ ಮೆಚ್ಚುಗೆ ಬರುತ್ತಲೇ ಇತ್ತು, ನೋಡಿದಾಗೆಲ್ಲ ಆ ಪುಟ ಮುಚ್ಚುತ್ತಿದ್ದೆ.

ಸೋಮವಾರ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಆಟದ ಹಳೆಯ ಪ್ರತಿಯೊಂದು ಸಿಕ್ಕಿತು. ಒಂದೂವರೆ ತಿಂಗಳ ಹಿಂದಿನದು. ಕಡತವನ್ನು ಬಿಚ್ಚಿ ನೋಡಿದರೆ ಒಳಗೆ ನಾನು ಬರೆದ ನಿಯಮಗಳು ಓದಲು ಬರುವ ಅಕ್ಷರಗಳಲ್ಲೇ ಇದ್ದವು. ಆದರೆ ಒಬ್ಬೊಬ್ಬ ರೋಗಿಯ ಕೈಗೂ ಆಟವನ್ನು ಹೊಂದಿಸುವ ಭಾಗ, ಅಂದರೆ ಎಲ್ಲಕ್ಕಿಂತ ಮುಖ್ಯವಾದದ್ದು, ಅದರಲ್ಲಿ ಇರಲಿಲ್ಲ. ಅದನ್ನು ಆಮೇಲೆ ಮಾಡಿದ್ದೆವು.

“ನನ್ನ ಹೆಸರಲ್ಲಿ ಹೊಸ ಚಂದಾ ತಗೋತೀನಿ,” ಎಂದಳು ಗೆಳತಿ. “ಹಳೇ ಕಾಪಿ ಅದ್ರಲ್ಲೇ ಓಪನ್ ಮಾಡು, ಆ ಭಾಗ ಮತ್ತೆ ಬರಿ. ನಾಲ್ಕು ದಿನದ ಕೆಲ್ಸ.”

ಅವಳು ಹೇಳಿದ್ದು ಸರಿಯಾಗಿತ್ತು. ನನ್ನ ಮುಂದೆ ಎರಡು ದಾರಿ ಇದ್ದವು, ಸಣ್ಣ ದಾರಿ ಯಾವುದೆಂದು ಚೆನ್ನಾಗಿ ಕಾಣುತ್ತಿತ್ತು. ನಾನು ಇನ್ನೊಂದನ್ನು ಹಿಡಿದೆ. ಹೇಗಿದ್ದರೂ ಮತ್ತೆ ಬರೆಯಬೇಕು, ಹಾಗಿದ್ದ ಮೇಲೆ ಯಾರ ಖಾತೆಯೂ ಬೇಡದಂತೆ ಬರಿಯ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುತ್ತೇನೆ, ಇನ್ನು ಮುಂದೆ ಯಾರೂ ಇದನ್ನು ನಿಲ್ಲಿಸುವಂತಿರಬಾರದು ಎಂದೆ. ಕೇಳಲು ದೊಡ್ಡ ಮಾತು. ಅದರಲ್ಲಿ ಅರ್ಧದಷ್ಟು ಹಠವೂ ಇತ್ತು, ಅವರಿಗೆ ಮತ್ತೆ ಒಂದು ರಿಂಗಿಟ್ಟನ್ನೂ ಕೊಡುವುದಿಲ್ಲ ಎಂಬ ಹಠ. ಗೆಳತಿ, “ಅಂಕಲ್‌ಗೆ ಟೈಮ್ ಇದೆಯೇನೇ?” ಎಂದು ಕೇಳಿದಳು. ಇದೆ ಎಂದೆ.

ಹಳೆಯ ನಿಯಮಗಳನ್ನು ಎಡಗಡೆ ಇಟ್ಟುಕೊಂಡು ಬಲಗಡೆ ಒಂದೊಂದನ್ನೇ ಕೋಡ್ ಮಾಡುತ್ತಾ ಹೋದೆ. ಕ್ರೇನ್ ಚಲಿಸಿತು, ಬುಧವಾರ ಕಂಟೇನರ್ ಮೇಲೆದ್ದಿತು. ಇನ್ನೊಂದೆರಡು ದಿನದಲ್ಲಿ ಮುಗಿಯುತ್ತದೆ ಎಂದೇ ಅನಿಸಿತು. ಕೈಯ ಬಿಂದುಗಳನ್ನು ಜೋಡಿಸಿದಾಗ ಗ್ರಹಚಾರ ಶುರುವಾಯಿತು. ಪರೀಕ್ಷೆಗೆ ನನ್ನ ಬಳಿ ಲಾರಿ ಅಂಕಲ್ ಅವರ ಕೈಯ ವಿಡಿಯೋ ಇತ್ತು, ಕ್ಲಿನಿಕ್‌ನಲ್ಲಿ ಅವರ ಒಪ್ಪಿಗೆ ಪಡೆದು ತೆಗೆದದ್ದು. ಕ್ಯಾಮೆರಾದ ಬದಲು ಆ ವಿಡಿಯೋವನ್ನು ಆಟಕ್ಕೆ ಉಣಿಸಿದೆ. ಕ್ರೇನ್ ಹುಚ್ಚು ಹಿಡಿದಂತೆ ಕುಣಿಯಿತು. ಅವರ ಬೆರಳು ಸದಾ ನಡುಗುತ್ತದೆ. ಆ ನಡುಕವನ್ನು ಹಳೆಯ ಸಾಫ್ಟ್‌ವೇರ್ ತಾನೇ ನಯಗೊಳಿಸಿ ಕೊಡುತ್ತಿತ್ತು. ಅದು ಅಂಥದೊಂದು ಕೆಲಸ ಮಾಡುತ್ತಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಸುಮ್ಮನೆ ಬಾಡಿಗೆ ಎತ್ತುತ್ತಿದ್ದಾರೆ ಎಂದು ಬರೆದವಳು ನಾನು.

ಹಿಂದಿನ ಹತ್ತು ಅಳತೆಗಳ ಸರಾಸರಿ ತೆಗೆದುಕೊಂಡೆ. ನಡುಕ ನಿಂತಿತು, ಆದರೆ ಬೆರಳು ತೆರೆದ ಮೇಲೆ ಕ್ರೇನ್ ಎಚ್ಚರವಾಗಲು ಬಹಳ ಹೊತ್ತು ಹಿಡಿಯಿತು. ಕಷ್ಟಪಟ್ಟು ಬೆರಳು ಬಿಚ್ಚಿದವರಿಗೆ ತಕ್ಷಣ ಏನೂ ಕಾಣದಿದ್ದರೆ ಅವರು ಕೈಬಿಡುತ್ತಾರೆ ಎಂದು ಡಾಕ್ಟರ್ ಮೇಡಂ ಮೊದಲೇ ಹೇಳಿದ್ದರು. ಐದಕ್ಕಿಳಿಸಿದೆ, ಮತ್ತೆ ನಡುಕ. ನಿಧಾನದ ಚಲನೆಗೆ ಹೆಚ್ಚು, ವೇಗದ ಚಲನೆಗೆ ಕಡಿಮೆ ನಯಗೊಳಿಸುವ ಲೆಕ್ಕವೊಂದನ್ನು ಹುಡುಕಿ ಹಾಕಿದೆ. ಅದನ್ನು ಹದಕ್ಕೆ ತರಲು ದಿನಗಳು ಹಿಡಿದವು. ಐದು ದಿನ ಎಂದದ್ದು ಏಳಾಯಿತು, ಒಂಬತ್ತಾಯಿತು. ಡಾಕ್ಟರ್ ಮೇಡಂ ಮೊದಲು ದಿನಕ್ಕೊಮ್ಮೆ ಕೇಳುತ್ತಿದ್ದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಅದು ಇನ್ನೂ ಕೆಟ್ಟದಾಗಿತ್ತು.

ಮನೆಯಲ್ಲಿ ಅಡುಗೆ ನಿಂತಿತು. ಗಂಡ ಕೆಳಗಿನ ಮಾಮಕ್ ಹೋಟೆಲಿನಿಂದ ಪರೋಟ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬರುತ್ತಿದ್ದ, ನಾನು ಕೀಲಿಮಣೆಯ ಪಕ್ಕದಲ್ಲೇ ತಿನ್ನುತ್ತಿದ್ದೆ. ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿ, “ಆರ್ ಯು ಸ್ಟಿಲ್ ಫೈಟಿಂಗ್ ವಿತ್ ದಟ್ ವೆಬ್‌ಸೈಟ್?” ಎಂದಳು. ಇಲ್ಲವ್ವಾ ಎಂದೆ. ಅವಳು ನಂಬಲಿಲ್ಲ. ಹನ್ನೊಂದನೇ ದಿನ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಗೆಳತಿ ಹೇಳಿದಂತೆ ಕೇಳಿದ್ದರೆ ಮುಗಿದೇ ಹೋಗುತ್ತಿತ್ತು. ಈಗ ಹಿಂದೆ ಹೋದರೂ ನಾಲ್ಕು ದಿನ, ಮುಂದೆ ಹೋದರೂ ಎಷ್ಟೋ ಏನೋ. ಒಬ್ಬ ಮನುಷ್ಯನ ಕೈಯನ್ನು ನನ್ನ ಜಗಳಕ್ಕೆ ಒತ್ತೆ ಇಟ್ಟೆ ಎಂಬುದು ಅವತ್ತು ಸ್ಪಷ್ಟವಾಯಿತು. ಮುಖ ತೊಳೆದುಕೊಂಡು ಡಾಕ್ಟರ್ ಮೇಡಂಗೆ ಫೋನ್ ಮಾಡಿ, ಮೂವರು ಒಂದು ಲಾಗಿನ್ ಬಳಸಿದ್ದು, ಸಣ್ಣ ದಾರಿ ಬಿಟ್ಟದ್ದು, ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

“ಆಯ್ತು. ಈಗ ಎಂತ ಮಾಡುದು ಹೇಳಿ,” ಎಂದರು.

“ಮುಗಿಸ್ತೀನ್ರಿ. ಶನಿವಾರದೊಳಗ ಆಗ್ತದ.”

ಹದಿನಾರನೇ ದಿನ, ಶನಿವಾರ, ಮುಗಿಯಿತು. ಕೊನೆಯ ಗಳಿಗೆಯಲ್ಲೂ ಒಂದು ಪೇಚಾಟ. ಪೆನ್‌ಡ್ರೈವಿನಿಂದ ನೇರವಾಗಿ ತೆರೆದರೆ ಬ್ರೌಸರ್ ಕೈ ಗುರುತಿಸುವ ಕಡತವನ್ನು ಓದಲು ಒಪ್ಪಲಿಲ್ಲ. ಒಂದು ಪುಟ್ಟ ಸರ್ವರನ್ನೂ ಅದರ ಜೊತೆಗೇ ಇಟ್ಟು, ಎರಡು ಸಲ ಒತ್ತಿದರೆ ಎಲ್ಲ ತಾನಾಗಿ ತೆರೆಯುವಂತೆ ಮಾಡಿದೆ. ಹಿನ್ನೆಲೆ ಸಂಗೀತ ಇರಲಿಲ್ಲ, ಒಂದೇ ಹಂತ ಇತ್ತು. ವಿಡಿಯೋದಲ್ಲಿನ ಆ ಕೈ ಬೆರಳು ಬಿಚ್ಚಿದ ಕ್ಷಣಕ್ಕೆ ಸರಿಯಾಗಿ ಮೂಲೆಯ ಬೀಗಗಳು ತಿರುಗಿ ಕಂಟೇನರ್ ಕೆಳಗಿಳಿಯಿತು. ಮೂರು ಸಲ ನೋಡಿದೆ.

ಭಾನುವಾರ ಬೆಳಿಗ್ಗೆ ಕೊಮ್ಯೂಟರ್ ರೈಲಿನಲ್ಲಿ ಕ್ಲಾಂಗ್‌ಗೆ ಹೊರಟೆ. ಮರುದಿನವೇ ಅಸೆಸ್‌ಮೆಂಟ್. ಒಂದು ದಿನವಾದರೂ ಅಭ್ಯಾಸ ಆಗಲಿ ಎಂದು ನಾನೇ ಕೊಂಡೊಯ್ದೆ. ದಾರಿಯಲ್ಲಿ, ಭಾನುವಾರವಾದರೂ, ಕಂಪನಿಯ ಮೇಲ್ ತಾನಾಗಿ ಬಂತು. ಪರಿಶೀಲನೆ ಮುಗಿದಿದೆ, ಖಾತೆ ತೆರೆದಿದೆ, ಮೂವರ ತಂಡದ ಚಂದಾ ಆಯ್ದುಕೊಳ್ಳಿ, ನಿಮ್ಮ ತಾಳ್ಮೆಗೆ ಧನ್ಯವಾದ. ಓದಿ ಫೋನನ್ನು ಚೀಲಕ್ಕೆ ಹಾಕಿದೆ.

ಬಾಗಿಲು ತೆರೆದವರು ಅಂಕಲ್ ಅವರ ಹೆಂಡತಿ. ನಾನು ಯಾರೆಂದು ಹೇಳಿದ ಮೇಲೆ ಒಳಗೆ ಕರೆದರು. ನಾನು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಮಾತಾಡಿದೆ, ಅವರಿಬ್ಬರೂ ಅವರ ತಮಿಳಿನಲ್ಲೇ ಉತ್ತರ ಕೊಟ್ಟರು. ಅಂಕಲ್ ಕುರ್ಚಿಯಲ್ಲಿದ್ದರು. ಬಲಗೈ ತೊಡೆಯ ಮೇಲೆ ಮುಷ್ಟಿಯಾಗಿ ಮುಚ್ಚಿಕೊಂಡಿತ್ತು. ಆಸ್ಪತ್ರೆಯ ಲ್ಯಾಪ್‌ಟಾಪನ್ನು ಅದರ ಚೀಲಕ್ಕೆ ಹಾಕಿ, ವೈರು ಸುತ್ತಿ, ಬಾಗಿಲ ಬಳಿ ಇಟ್ಟಿದ್ದರು.

“ನಾಳೆ ವಾಪಸ್ ಕೊಡೋಣ ಅಂತ,” ಎಂದರು ಆಂಟಿ. “ಟೆಸ್ಟಿಗೆ ಇವರು ಬರೋದಿಲ್ಲ.”

“ಯಾಕೆ ಆಂಟಿ?”

ಅವರು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತೋರಿಸಿದರು. ಆಟ ದಿನವೂ ತೋರಿಸುತ್ತಿದ್ದ ಸಂಖ್ಯೆಯನ್ನು ಅವರು ಆಯಾ ದಿನದ ಚೌಕದಲ್ಲಿ ಬರೆದಿಟ್ಟಿದ್ದರು. ಮೂರು, ಮೂರೂವರೆ, ನಾಲ್ಕು, ನಾಲ್ಕು ಚಿಲ್ಲರೆ. ಆಮೇಲೆ ಸೊನ್ನೆ. ಮರುದಿನವೂ ಸೊನ್ನೆ. ಒಟ್ಟು ಒಂಬತ್ತು ಸೊನ್ನೆಗಳಿದ್ದವು, ಉಳಿದ ಚೌಕಗಳು ಖಾಲಿ.

ಒಂಬತ್ತು ದಿನ ಅವರು ಎಂದಿನಂತೆ ಸ್ನಾನ ಮುಗಿಸಿ ಆ ಬೂದು ಪುಟದ ಮುಂದೆ ಕೂತಿದ್ದರು. ಅದರಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಇದ್ದವು, ಇಬ್ಬರಿಗೂ ಓದಿ ತಿಳಿಯುವಷ್ಟು ಇಂಗ್ಲಿಷ್ ಬಾರದು. ಕೈ ಎತ್ತಿ ಕ್ಯಾಮೆರಾಕ್ಕೆ ತೋರಿಸಿ, ಬೆರಳು ಬಿಚ್ಚಲು ಇಪ್ಪತ್ತು ನಿಮಿಷ ಹೆಣಗುವುದು, ಏನೂ ಬರುವುದಿಲ್ಲ, ಆಂಟಿ ಸೊನ್ನೆ ಬರೆಯುವುದು. ಕೈ ಸತ್ತುಹೋಗಿದೆ, ಅದಕ್ಕೇ ಯಂತ್ರಕ್ಕೆ ಅದು ಕಾಣುತ್ತಿಲ್ಲ ಎಂದುಕೊಂಡಿದ್ದರು. ಹತ್ತನೇ ದಿನ ಅಂಕಲ್ ಕೂರಲಿಲ್ಲ.

ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳುತ್ತೇನೆಂದು ಡಾಕ್ಟರ್ ಮೇಡಂ ತಿಳಿದಿದ್ದರು, ಕ್ಲಿನಿಕ್‌ನವರು ಹೇಳಿರುತ್ತಾರೆಂದು ನಾನು ತಿಳಿದಿದ್ದೆ. ಕಂಪನಿಗೆ ಎಷ್ಟೊಂದು ಮೇಲ್ ಬರೆದಿದ್ದೆ. ಅಂಕಲ್ ಅವರ ಕೈಯನ್ನು ವಿಡಿಯೋದಲ್ಲಿ ದಿನವಿಡೀ ನೋಡಿದ್ದೆ. ಆ ಕೈಯ ಯಜಮಾನರಿಗೆ ಒಂದು ಫೋನ್ ಮಾಡಿರಲಿಲ್ಲ.

ನಾನು ಅವರ ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ. “ಅಂಕಲ್, ನಿಮ್ಮ ಕೈಗೆ ಏನೂ ಆಗಿಲ್ಲ. ಆಟಾನೇ ನಿಂತಿತ್ತು. ಎಲ್ಲರಿಗೂ ನಿಂತಿತ್ತು. ತಪ್ಪು ನಂದು,” ಎಂದೆ. ಲಾಗಿನ್ನು, ತಕರಾರು, ಬೀಗ, ತಿಳಿಯುವ ಹಾಗೆ ಎಲ್ಲ ಹೇಳಿದೆ.

ಆಂಟಿ ನನ್ನ ಕಡೆ ತಿರುಗಿದರು. “ಒಂದು ಮಾತು ಹೇಳಬಹುದಿತ್ತಲ್ಲಮ್ಮಾ,” ಎಂದರು.

ಅಂಕಲ್ ಕೇಳಿದ್ದು ಬೇರೆ. “ಕೈ ಅಲ್ಲವಾ?”

“ಅಲ್ಲ ಅಂಕಲ್.”

“ಮೊದಲನೇ ದಿನದಿಂದಲೂ?”

“ಮೊದಲ ಸೊನ್ನೆಯ ದಿನದಿಂದಲೂ ಆಟಾನೇ, ಕೈ ಅಲ್ಲ.”

ಅವರು ಹೆಂಡತಿಯ ಕಡೆ ತಿರುಗಿ, “ಕೇಳಿದೆಯಾ, ಕೈ ಅಲ್ಲವಂತೆ,” ಎಂದರು. ಆಂಟಿ ಸೆರಗಿನಿಂದ ಮೂಗು ಒರೆಸಿಕೊಂಡು ಹೋಗಿ ಲ್ಯಾಪ್‌ಟಾಪನ್ನು ಚೀಲದಿಂದ ತೆಗೆದರು, ಸುತ್ತಿದ ವೈರು ಬಿಚ್ಚಿದರು. ನಾನು ಪೆನ್‌ಡ್ರೈವ್ ಚುಚ್ಚಿದೆ. ಅಂಕಲ್ ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟುಕೊಂಡರು. ಮುಷ್ಟಿ ನಡುಗಿತು, ಹೆಬ್ಬೆರಳು ಇಷ್ಟಿಷ್ಟೇ ಸರಿಯಿತು, ತೆರೆಯ ಮೇಲೆ ಬೀಗಗಳು ತಿರುಗಿದವು. ಇಪ್ಪತ್ತು ನಿಮಿಷದ ನಂತರ ಬಂದ ಸಂಖ್ಯೆ ಮೂರು. ಐದು ಬೇಕಿದ್ದ ಕಡೆ, ಹದಿನೇಳು ದಿನದ ಹಿಂದೆ ನಾಲ್ಕನ್ನು ದಾಟಿದ್ದ ಕಡೆ, ಮೂರು. ನಾನು ತಲೆ ತಗ್ಗಿಸಿದೆ.

ಅಂಕಲ್ ಆ ಸಂಖ್ಯೆಯನ್ನು ನೋಡಿದರು. ಹೆಂಡತಿಗೆ ಬರೆದುಕೊಳ್ಳಲು ಹೇಳಿದರು. ಆಮೇಲೆ ನನ್ನನ್ನು ಕೇಳಿದರು:

“ನಾಳೆ ಟೆಸ್ಟ್ ಎಷ್ಟು ಗಂಟೆಗೆ?”

“ಹನ್ನೊಂದಕ್ಕೆ ಅಂಕಲ್.”

“ಹಾಗಾದ್ರೆ ಇನ್ನೊಂದು ಸಲ ಹಾಕು,” ಎಂದು ಕೈ ಎತ್ತಿದರು.